ಅಳಿಯ ಚೆಲ್ಲಿದ ತಂಪು

ಕೋಲಾರ ದಾಟುತ್ತಲೇ, ಯಲ್ದೂರಿನ ದಾರಿಯಲ್ಲಿ, ಕೆರೆ ಏರಿಯ ಹುಣಸೆಮರದ ಕೆಳಗೆ ಭೀಮರಾಜ್ ಬೈಕು ನಿಲ್ಲಿಸಿದ. ಆಚೀಚೆ ನೋಡಿದ. ಹಿಂದಿನ ಸೀಟಿಗೆ ಕಟ್ಟಿದ್ದ ಬಿಳಿ ಪೆಟ್ಟಿಗೆಯನ್ನು ಬಿಚ್ಚಿ ನೆಲಕ್ಕಿಟ್ಟ. ಮುಚ್ಚಳ ತೆಗೆದು, ಒಳಗಿದ್ದ ಐಸನ್ನು ಬೊಗಸೆ ಬೊಗಸೆಯಾಗಿ ಮಣ್ಣಿಗೆ ಚೆಲ್ಲತೊಡಗಿದ.

ಅವನ ಬೆನ್ನಿಗೇ ಆಟೋದಲ್ಲಿ ಬಂದಿದ್ದ ಮಾವ ಕೋದಂಡರಾಮಪ್ಪ ಎಲ್ಲವನ್ನೂ ಕಣ್ಣಾರೆ ಕಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ದೊಂಗಾ! ಕಳ್ಳ ನನ್ಮಗನೇ! ಏನ್ಲಾ ಮಾಡ್ತಿದ್ದೀಯ?"

ಭೀಮರಾಜ್ ಬೆಚ್ಚಿಬಿದ್ದ. ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. "ಹಂಗೇ ತಗೊಂಡೋಗಕ್ಕಾಗಲ್ಲ ಮಾವ. ಆ ಡಾಕ್ಟರಮ್ಮ…"

ಮಾತು ಮುಗಿಯುವ ಮೊದಲೇ ಕೆನ್ನೆಗೆ ಏಟು ಬಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಮಾಲೂರಿನ ಕಡೆಯ ಒಂದು ಫಾರಂನ ಗಂಡುಕುದುರೆಯ ವೀರ್ಯ. ಹೋಗಬೇಕಾಗಿದ್ದದ್ದು ಯಲ್ದೂರಿನ ಮಾವಿನ ತೋಪಿನಲ್ಲಿದ್ದ ಹೆಣ್ಣುಕುದುರೆ ಚಂದ್ರಿಗೆ. ಚಂದ್ರಿಯನ್ನು ಕೋದಂಡರಾಮಪ್ಪನ ಹೆಂಡತಿ ಆಂಜಿನಮ್ಮ ಮರಿಯಿಂದ ಹುರುಳಿ ತಿನ್ನಿಸಿ ಸಾಕಿದ್ದಳು. ಅವಳು ತೀರಿಕೊಂಡಳು, ಕುದುರೆ ಉಳಿಯಿತು. ಈಗ ಅದಕ್ಕೂ ವಯಸ್ಸಾಗಿತ್ತು. ಈ ವರ್ಷ ಗಬ್ಬ ನಿಲ್ಲದಿದ್ದರೆ ಇನ್ನು ಆಸೆ ಬಿಡಿ ಎಂದು ಕುದುರೆಯ ಡಾಕ್ಟರ್ ಶೋಭಾರಾಣಿ ಹೇಳಿಬಿಟ್ಟಿದ್ದರು. ಹೆಂಡತಿ ಸಾಕಿದ ಕುದುರೆಗೆ ಒಂದು ಮರಿ ಹುಟ್ಟಬೇಕು. ಮುದುಕನಿಗೆ ಬದುಕಿನಲ್ಲಿ ಇನ್ನೇನೂ ಬೇಕಿರಲಿಲ್ಲ.

ತಂಪಿನ ವಿಷಯವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಲೇ ತಲೆ ನರೆತವನು. ಹೊಗೆಯಾಡುವ ನೈಟ್ರೋಜನ್ ಕ್ಯಾನನ್ನು ಕೂಸಿನ ಹಾಗೆ ಕಾಪಾಡಿಕೊಂಡು ಹಳ್ಳಿ ಹಳ್ಳಿ ತಿರುಗಿದವನು. ತಂಪು ಇಳಿದರೆ ಬೀಜ ಸತ್ತಿತು ಎನ್ನುವುದು ಅವನಿಗೆ ವೇದವಾಕ್ಯ. ಕೋಲಾರ ಸೀಮೆಯ ಅರ್ಧ ಹಸುಗಳು ತನ್ನ ಕೈಗುಣದಿಂದಲೇ ಹುಟ್ಟಿದವು ಎಂದು ಕೊಚ್ಚಿಕೊಳ್ಳುತ್ತಿದ್ದ. ಹೋರಿಯ ಪಾಲೂ ಸ್ವಲ್ಪ ಇದೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಾಗಾಗಿ ಮಾಲೂರಿನಿಂದ ಭೀಮರಾಜ್ ತರುವ ಪೆಟ್ಟಿಗೆ ಕೋಲಾರದ ಮನೆಯಲ್ಲಿ ಮಾವನ ಕೈ ದಾಟಿಯೇ ಮುಂದೆ ಹೋಗಬೇಕಿತ್ತು. ಕೋದಂಡರಾಮಪ್ಪ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಿದ್ದ. ಫಾರಂನವರು ಇಟ್ಟ ಸಣ್ಣ ತಂಪಿನ ಪೊಟ್ಟಣ ನೋಡಿ, ಜಿಪುಣರೆಂದು ಬೈದು, ಸುತ್ತಲೂ ಐಸು ತುಂಬುತ್ತಿದ್ದ. ಐಸ್‌ಕ್ಯಾಂಡಿ ಮಾಡುವವರ ಹಾಗೆ ಮೇಲೊಂದು ಹಿಡಿ ಕಲ್ಲುಪ್ಪನ್ನೂ ಹಾಕುತ್ತಿದ್ದ. ಇಷ್ಟು ಜೋಪಾನ ಮಾಡಿಯೂ ಮೊದಲ ಸಲ ಒಯ್ದದ್ದು ಉಳಿದಿರಲಿಲ್ಲ.

"ದಾರೀಲಿ ಕೆಟ್ಟೋಯ್ತು ಮಾವ," ಎಂದಿದ್ದ ಭೀಮರಾಜ್, ನೆಲ ನೋಡುತ್ತಾ.

ಅನುಮಾನದ ಬೀಜ ಬಿದ್ದದ್ದು ಆಗಲೇ. ಈತ ಮನೆ ಅಳಿಯ. "ಆ ಮುದಿ ಕುದುರೆಗೆ ಹಾಕೋ ಹುರುಳೀಲಿ ಎರಡು ಸೀಮೆಹಸು ಸಾಕ್ಬೋದಲ್ವಾ?" ಎಂದು ಹಿಂದೊಮ್ಮೆ ಕೇಳಿದ್ದ. ಕೋದಂಡರಾಮಪ್ಪ ಅದನ್ನು ಮರೆತಿರಲಿಲ್ಲ. ಅದಕ್ಕೇ ಈ ಸಲ ಹಿಂಬಾಲಿಸಿದ್ದು.

"ಬಿಸಿಲು ಕಂಡ ಬೀಜ ನನ್ನ ಚಂದ್ರಿಗೆ ಬೇಡ ಕಣೋ!" ಎಂದು ಕೂಗಿ, ಹೊಡೆದ ಕೈಯಲ್ಲೇ ಪೆಟ್ಟಿಗೆಯಲ್ಲಿದ್ದ ವೀರ್ಯದ ಕೊಳವೆಯನ್ನು ಕಿತ್ತು ಕೆರೆಗೆ ಎಸೆದ. ಮನೆಯ ಮಾತು ಬೀದಿಗೇಕೆ ಎಂದು, ತೋಪಿನಲ್ಲಿ ಕಾಯುತ್ತಿದ್ದ ಡಾಕ್ಟರಿಗೆ ಕೊಳವೆ ಒಡೆಯಿತು ಎಂದಷ್ಟೇ ಫೋನಿನಲ್ಲಿ ತಿಳಿಸಿದ.

ಅಂದೇ ಅಳಿಯನನ್ನು ಮನೆಯಿಂದ ಹೊರಗೆ ಹಾಕಿದ. ಮಗಳು ಪವಿತ್ರ ಅಡ್ಡ ಬಂದಳು. ಗಂಡ ಯಾಕೆ ಹಾಗೆ ಮಾಡಿದನೆಂದು ಅವಳಿಗೂ ತಿಳಿದಿರಲಿಲ್ಲ.

"ಯಾಕಂಗೆ ಮಾಡಿದ್ರು ಅಂತ ಒಂದ್ಸಲ ಕೇಳಪ್ಪ."

"ಕಣ್ಣಲ್ಲೇ ನೋಡಿದೀನಿ ಕಣೇ. ಕೇಳೋದೇನು?"

"ಯಾವಾಗ್ಲೂ ಅಷ್ಟೇ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು."

ಭೀಮರಾಜ್ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ. ಕೆನ್ನೆ ಇನ್ನೂ ಕೆಂಪಗಿತ್ತು. "ಬಿಡು ಪವಿತ್ರ. ಹೊಡೆಸ್ಕೊಂಡ್ಮೇಲೆ ಹೇಳೋದೇನಿದೆ?"

ಇಬ್ಬರೂ ಮುಳಬಾಗಿಲಿನ ಅವನ ತಾಯಿಯ ಮನೆಗೆ ಹೊರಟುಹೋದರು. ಮಗಳು ಹೊಸ್ತಿಲು ದಾಟಿದಾಗ ಕೋದಂಡರಾಮಪ್ಪ ಬಾಗಿಲವರೆಗೆ ಬಂದ. ಆದರೂ ತಡೆಯಲಿಲ್ಲ. ಆಮೇಲೆ ಅವಳು ಫೋನು ಎತ್ತುವುದನ್ನೂ ನಿಲ್ಲಿಸಿದಳು. ಮನೆಯಲ್ಲಿ ಒಬ್ಬನೇ ಮುದ್ದೆ ಬೇಯಿಸಿಕೊಂಡು, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಉಂಡ.

ಚಂದ್ರಿ ಮತ್ತೆ ಬೆದೆಗೆ ಬಂದಿತು. ಫಾರಂನವರು ಆ ಗಂಡುಕುದುರೆಯನ್ನು ಉತ್ತರದ ಕಡೆಗೆ ಮಾರಿಬಿಟ್ಟಿದ್ದರು. ಲಾರಿ ಬರುವ ಮುಂಚೆ ಒಂದೇ ಒಂದು ಸಲ ವೀರ್ಯ ಕೊಡಲು ಒಪ್ಪಿದರು. ಇದು ತಪ್ಪಿದರೆ ಮುಗಿಯಿತು.

ಈ ಸಲ ಕೋದಂಡರಾಮಪ್ಪ ಯಾರನ್ನೂ ನಂಬಲಿಲ್ಲ. ಮಾಲೂರಿಗೆ ತಾನೇ ಹೋದ. ಎಂದಿಗಿಂತ ಹೆಚ್ಚು ಐಸು ತುಂಬಿದ, ಹೆಚ್ಚು ಉಪ್ಪು ಹಾಕಿದ. ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿ ಕೂತ. ಹುಣಸೆಮರ ಬಂದಾಗ ಅತ್ತ ತಿರುಗಿಯೂ ನೋಡಲಿಲ್ಲ. ಶ್ರೀನಿವಾಸಪುರ ದಾಟುವ ಹೊತ್ತಿಗೆ ತೊಡೆ ಮರಗಟ್ಟಿತ್ತು. ಅವನಿಗೆ ಅದೇ ಸಂತೋಷ. ಹುಣಸೆಮರ ಬಂದಾಗ ಅತ್ತ ತಿರುಗಿಯೂ ನೋಡಲಿಲ್ಲ.

ಶೋಭಾರಾಣಿ ತೋಪಿನ ಶೆಡ್ಡಿನಲ್ಲಿ ಕಾಯುತ್ತಿದ್ದರು. ಕೊಳವೆಯನ್ನು ತೆಗೆದುಕೊಂಡು ಒಳಗೆ ಹೋದರು. ಕೋದಂಡರಾಮಪ್ಪ ಚಂದ್ರಿಯ ಕತ್ತು ಸವರುತ್ತಾ ನಿಂತ. "ಆಂಜಿನಮ್ಮ ನೋಡ್ತಿರ್ತಾಳೆ ಕಣೇ," ಎಂದ ಅದರ ಕಿವಿಯಲ್ಲಿ.

ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಡಾಕ್ಟರು ಹೊರಗೆ ಬಂದರು.

"ಒಂದೂ ಬದುಕಿಲ್ಲ."

"ಅದೆಂಗಮ್ಮ? ನೋಡಿ, ಐಸು ಒಂಚೂರೂ ಕರಗಿಲ್ಲ!" ಅವನು ಪೆಟ್ಟಿಗೆಯನ್ನು ಅವರ ಮುಂದೆ ಹಿಡಿದ. "ಯಾರ ಕೈಗೂ ಕೊಟ್ಟಿಲ್ಲ. ನಾನೇ ತಂದಿದ್ದು."

ಶೋಭಾರಾಣಿ ಪೆಟ್ಟಿಗೆ ನೋಡಿದರು, ಮುದುಕನನ್ನು ನೋಡಿದರು. ಅವರಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಾಯಿತು.

"ಇದು ಹಸುವಿಗೆ ಹಾಕೋ ಥರದ್ದಲ್ಲ ಯಜಮಾನ್ರೇ. ಬರೀ ತಣ್ಣಗಿರ್ಬೇಕು, ಹೆಪ್ಪುಗಟ್ಟಿದ್ರೆ ಸತ್ತೋಗುತ್ತೆ. ಮೊದಲ್ನೇ ಸಲಾನೂ ನಿಮ್ಮ ಐಸೇ ಕೊಂದಿದ್ದು. ಆಗ್ಲೇ ನಿಮಗೆ ಫೋನ್ ಮಾಡಿ ಹೇಳೋಣ ಅಂತಿದ್ದೆ. 'ಮಾವನಿಗೆ ಹೇಳ್ಬೇಡಿ, ಜೀವಮಾನವೆಲ್ಲ ಇದೇ ಕೆಲ್ಸ ಮಾಡಿದೋರು, ನೊಂದ್ಕೋತಾರೆ. ಇನ್ಮೇಲೆ ದಾರೀಲಿ ನಾನೇ ಐಸು ಚೆಲ್ಲಿ ತರ್ತೀನಿ' ಅಂತ ನಿಮ್ಮಳಿಯ ಕೈ ಮುಗಿದ್ರು."

ಅವರು ತೋಪಿನ ಬಾಗಿಲ ಕಡೆ ನೋಡಿ ಕೇಳಿದರು: "ಅವರ್ಯಾಕೆ ಬರ್ಲಿಲ್ಲ ಇವತ್ತು?"