ಕೆಂಪಾಗದ ಆರತಿ ನೀರು

ಹರಿವಾಣದಲ್ಲಿದ್ದ ಅರಿಸಿನ ನೀರಿಗೆ ಅಕ್ಕು ಸುಣ್ಣ ಹಾಕಿ ಬೆರಳಾಡಿಸಿದಳು. ನೀರು ಕೆಂಪಾಗಲಿಲ್ಲ.

ಇನ್ನಷ್ಟು ಹಾಕಿದಳು. ಊಹೂಂ. ಬಾಣಂತಿಯರಿಗೆ, ಮದುಮಕ್ಕಳಿಗೆ, ಆಸ್ಪತ್ರೆಯಿಂದ ಬಂದವರಿಗೆ ಎಂದು ಕೇರಿಯವರೆಲ್ಲ ಆರತಿಯ ಕುರ್ದಿ ನೀರು ಕಲಸಲು ಕರೆಯುತ್ತಿದ್ದುದು ಅಕ್ಕುವನ್ನೇ. ಸುಣ್ಣ ಸೋಕಿದ್ದೇ ತಡ ಕೆಂಪಗೆ ತಿರುಗಬೇಕಾದ ನೀರು ಇವತ್ತು ಹಟಮಾರಿಯಂತೆ ಹಳದಿಯಾಗಿಯೇ ಕೂತಿತ್ತು. ಅದೂ ಯಾವತ್ತು? ಸ್ವಂತ ಮಗ ಕಡಲಿನಿಂದ ಜೀವಸಹಿತ ಮನೆಗೆ ಬಂದ ದಿನ!

ಮಗ ದೇವು ರಿಕ್ಷಾ ಇಳಿದು ಅಂಗಳದಲ್ಲಿ ನಿಂತಿದ್ದ. ಗಂಗೊಳ್ಳಿ ಅಳಿವೆಯಾಚೆ ದೋಣಿ ಮಗುಚಿ, ಖಾಲಿ ಕ್ಯಾನೊಂದನ್ನು ತಬ್ಬಿಕೊಂಡು ರಾತ್ರಿಯಿಡೀ ಉಪ್ಪು ನೀರು ಕುಡಿಯುತ್ತಾ ತೇಲಿದವನನ್ನು ಬೇರೆ ದೋಣಿಯವರು ಎತ್ತಿಕೊಂಡಿದ್ದರು. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಹಾಗೆಂದು ಅವನ ಮುಖ ಹೇಳುತ್ತಿರಲಿಲ್ಲ. ಹೊಸ್ತಿಲ ಒಳಗೆ ಹೆಂಡತಿ ಹರಿಣಾಕ್ಷಿ ಮಗಳನ್ನು ಸೊಂಟಕ್ಕೇರಿಸಿಕೊಂಡು, ಆರತಿ ಮುಗಿದು ಗಂಡ ಯಾವಾಗ ಒಳಗೆ ಬಂದಾನು ಎಂದು ಕಾಯುತ್ತಿದ್ದಳು.

"ಎಂತ ಅಮ್ಮಾ? ಕೆಂಪ್ ಆತಿಲ್ಯಾ?" ಎಂದು ದೇವು ಕೇಳಿದ.

ಅಕ್ಕು ತಲೆಯೆತ್ತಲಿಲ್ಲ. ಸುಣ್ಣ ಬಿದ್ದಲ್ಲಿ ಕೆಂಪಿನ ಎಳೆಯೊಂದು ಮೂಡಿ, ನೋಡನೋಡುತ್ತಿದ್ದಂತೆ ಹಳದಿಯೊಳಗೆ ಮಾಯವಾಗುತ್ತಿತ್ತು.

"ಬಂದದ್ ವಾಪಾಸ್ ಹೋತಿತ್ತ್," ಎಂದಳು. "ಕಡ್ಲ್ ಇವ್ನನ್ನ ಇನ್ನೂ ಬಿಟ್ಟಿಲ್ಲೆ."

ಆ ಮಾತಿಗೆ ದೇವು ಹಿಂದೆ ಸರಿದ. "ನಂಗೂ ಹಾಂಗೇ ಕಾಣತ್ತ್. ಕ್ಯಾನ್ ಕೈ ಬಿಟ್ಟದ್ ನೆನ್ಪಿತ್ತ್. ಮತ್ತೆ ಹಿಡ್ಕಂಡದ್ ನೆನ್ಪಿಲ್ಲೆ. ನಾ ಒಳ್ಗ್ ಬತ್ತಿಲ್ಲೆ. ಮಗಿನ್ನ ಆಚೆ ತಕಂಡ್ ಹೋಗ್."

ಹರಿಣಾಕ್ಷಿ ಮಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಕಡಲು ಬಿಟ್ಟುಕೊಟ್ಟರೂ ಈ ಮನುಷ್ಯ ತಾನೇ ವಾಪಸು ಹೊರಡುವಂತಿದ್ದ. ಸಿಟ್ಟಿನಿಂದಲೇ ಹರಿವಾಣದತ್ತ ನೋಡಿದಳು. ಹಿತ್ತಾಳೆ ಹೊಸದರಂತೆ ಥಳಥಳಿಸುತ್ತಿತ್ತು. ಥಟ್ಟನೆ ಹೊಳೆಯಿತು. ಕಿಲುಬು ಬಿಡಲೆಂದು ಬೆಳಿಗ್ಗೆ ಅದರಲ್ಲಿ ಹುಳಿಹುಳಿ ಬಿಂಬುಳಿಕಾಯಿ ಕಿವುಚಿ ನೀರು ತುಂಬಿಟ್ಟವಳು ಅವಳೇ. ಹಿಪ್ಪೆ ತೆಗೆದು ಬಿಸಾಡುವಷ್ಟರಲ್ಲಿ ಮಗಳು ಅತ್ತಿದ್ದಳು, ಹರಿವಾಣ ಬಾವಿಕಟ್ಟೆಯ ಮೇಲೆಯೇ ಉಳಿದಿತ್ತು. ರಿಕ್ಷಾದ ಸದ್ದಿಗೆ ಗಡಿಬಿಡಿಗೊಂಡ ಅತ್ತೆ, ಸೊಸೆ ನೀರು ತುಂಬಿಸಿಟ್ಟಿದ್ದಾಳೆ ಎಂದುಕೊಂಡು ಆ ಹುಳಿ ನೀರಿಗೇ ಅರಿಸಿನ ಕಲಸಿದ್ದಳು.

"ಅತ್ತಿ, ಅದ್ ಬಿಂಬುಳಿ ನೀರ್! ಹುಳಿ ಇದ್ರೆ ಕೆಂಪಾತಿಲ್ಲೆ. ಚೆಲ್ಲಿ, ಬೇರೆ ಮಾಡ್ವ."

"ಇವ್ನ್ ಹೆಸ್ರಗೆ ಕಲ್ಸಿದ್ ನೀರ್ ಸುಳಿಯೂಕ್ ಮುಂಚೆ ಚೆಲ್ಲುದಾ? ನಿಂಗೆ ತಲಿ ಸಮ ಇತ್ತಾ?" ಅಕ್ಕು ಹರಿವಾಣವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು.

"ಬೇರೆ ಮಾಡಿರೆ ಅದ್ ನಂದಾತಿಲ್ಲೆ," ಎಂದ ದೇವು.

ಶಾಲೆಯಲ್ಲಿ ಅರಿಸಿನದ ಕಾಗದವನ್ನು ಸೋಪಿನ ನೀರಿಗೆ ಅದ್ದಿ ಕೆಂಪು ಮಾಡಿದ್ದು, ಲಿಂಬೆ ಹಿಂಡಿ ಮತ್ತೆ ಹಳದಿ ಮಾಡಿದ್ದು ಹರಿಣಾಕ್ಷಿಗೆ ನೆನಪಿತ್ತು. ಆದರೆ ಇವರಿಬ್ಬರ ಮುಂದೆ ಪಾಠ ಹೇಳಿ ಪ್ರಯೋಜನವಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಿತ್ತು. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಚೆಲ್ಲುವುದಿಲ್ಲ ಎಂದು ಹರಿವಾಣವನ್ನು ಅವಳ ಕೈಯಿಂದ ಬಿಡಿಸಿಕೊಂಡು ಹೊಸ್ತಿಲ ಮೇಲಿಟ್ಟುಕೊಂಡು ಕೂತಳು. ಸುಣ್ಣದ ಡಬ್ಬಿ ತೆರೆದಳು.

"ಹ್ವಾಯ್, ಇಲ್ಲ್ ಬನ್ನಿ. ಒಳ್ಗ್ ಬಪ್ದ್ ಬ್ಯಾಡ. ಹತ್ರ ನಿಂತ್ ಕಾಣಿ, ಸಾಕ್."

ದೇವು ಮೆಟ್ಟಿಲ ತನಕ ಬಂದ. ಅವಳು ಬೆರಳ ತುದಿಗೆ ಸುಣ್ಣ ತೆಗೆದು ನೀರಿಗೆ ಮುಟ್ಟಿಸಿ ತಿರುವಿದಳು. ಕೆಂಪು ಮೂಡಿತು, ಹೋಯಿತು. ಮತ್ತೆ ಮುಟ್ಟಿಸಿದಳು. ಈ ಸಲ ಕೆಂಪು ಸ್ವಲ್ಪ ಹೊತ್ತು ನಿಂತಂತಾಗಿ ಆಮೇಲೆ ಹೋಯಿತು. ದೇವುವಿನ ಉಸಿರು ಅದರೊಂದಿಗೇ ಏರಿ ಇಳಿಯುತ್ತಿತ್ತು. ಡಬ್ಬಿ ಬರಿದಾಗುತ್ತಾ ಬಂತು. ಕೆಂಪು ಬರುವುದು ಖಂಡಿತ ಎಂದು ಗೊತ್ತಿದ್ದರೂ ಹರಿಣಾಕ್ಷಿ ಡಬ್ಬಿಯೊಳಗೆ ಮತ್ತೆ ಮತ್ತೆ ಇಣುಕಿದಳು. ಬಾರದಿದ್ದರೆ ಎಂಬ ಯೋಚನೆಯೇ ಅವಳಿಗೆ ಬೇಡವಾಗಿತ್ತು. ತಳ ಕೆರೆದು ಉಗುರಿಗೆ ಸಿಕ್ಕಿದ್ದನ್ನು ನೀರಿಗಿಳಿಸಿದಳು.

ಕೆಂಪು ಈ ಸಲ ಹೋಗಲಿಲ್ಲ. ಅವಳ ಬೆರಳಿನಿಂದ ಹೊರಟು, ಸುತ್ತುತ್ತಾ, ಹರಿವಾಣದ ಅಂಚಿನವರೆಗೆ ಹೋಗಿ ಮುಟ್ಟಿತು. ಕಣ್ಣು ಮಿಟುಕಿಸುವುದರೊಳಗೆ ಹಳದಿ ಎಂಬುದೇ ಇರಲಿಲ್ಲ. ಇಡೀ ನೀರು ದಾಸವಾಳದಷ್ಟು ಕೆಂಪಾಗಿತ್ತು.

ಅಕ್ಕು ಮೊಮ್ಮಗಳ ಕೈ ಹಿಡಿದುಕೊಂಡೇ ಕೈಮುಗಿದಳು. ಕಾರಣ ಬಲ್ಲ ಹರಿಣಾಕ್ಷಿಗೇ ಮೈ ಜುಮ್ಮೆಂದಿತು. ಶಾಲೆಯಲ್ಲಿ ಇದನ್ನು ನೋಡಿ ಚಪ್ಪಾಳೆ ತಟ್ಟಿದ್ದಳೇ ಹೊರತು ಹೀಗೆ ಕಣ್ಣು ತುಂಬಿ ಬಂದಿರಲಿಲ್ಲ.

ಅಕ್ಕು ಎದ್ದು ಹರಿವಾಣವನ್ನು ಮಗನ ಮುಖದ ಸುತ್ತ ಸುಳಿದು, ಹಣೆಗೆ ಆ ಕೆಂಪನ್ನೇ ಇಟ್ಟಳು. ಅವನು ಇನ್ನೂ ಕದಲಲಿಲ್ಲ. ಅವನಲ್ಲಿ ಉಳಿದಿರಬಹುದಾದ ಅಂಜಿಕೆಯನ್ನೂ ತೊಳೆದುಬಿಡಬೇಕೆಂದು ಹರಿಣಾಕ್ಷಿ ಬಿಡಿಸಿ ಹೇಳಿದಳು: "ಕಾಣಿ, ಕಡ್ಲ್ ಹಿಡ್ಕಂಡದ್ ಎಂತದೂ ಇಲ್ಲೆ. ಆ ನೀರಗೆ ಹುಳಿ ಇದ್ದಿತ್. ಹುಳಿ ತೀರೂವರಿಗೂ ಎಷ್ಟ್ ಸುಣ್ಣ ಹಾಕಿರೂ ಅದನ್ನ ಹುಳಿ ತಿಂತಿತ್. ಹುಳಿ ತೀರ್ತ್, ಕೆಂಪಾಯ್ತ್. ಅಷ್ಟೇ."

ದೇವು ಹರಿವಾಣದೊಳಗೆ ಬಗ್ಗಿ ನೋಡಿದ.

"ಅಷ್ಟೊಂದ್ ಹುಳಿ ಕುಡ್ದ್ ನೀರೂ ಕಡೀಗ್ ಕೆಂಪಾಯ್ತಲೆ, ಮಾರಾಯ್ತಿ!" ಎಂದವನೇ ಬಲಗಾಲನ್ನು ಎತ್ತಿ ಹೊಸ್ತಿಲ ಒಳಗಿಟ್ಟ.