ಹರಕೆಯ ಸೀರೆ

ತೋಟದ ಕೂಲಿಗೆಂದು ಹಡಗು ಹತ್ತಿದವರಿಗೆ ಕೊನೆಗೂ ಪರದೇಶದ ದಡ ಕಂಡಿತು. ದಾರಿಯಲ್ಲಿ ಒಬ್ಬರಿಗೂ ಸಿಡುಬು ಏಳಲಿಲ್ಲ. ಮಾರಮ್ಮನಿಗೆ ಹೇಳಿಕೊಂಡಿದ್ದ ಹರಕೆಯಂತೆ ಸಣ್ಣಕ್ಕ ತನ್ನ ಬಿಳಿ ಸೀರೆಯನ್ನು ಅರಿಸಿನದ ನೀರಲ್ಲಿ ಅದ್ದಿ ಹಡಗಿನ ಕಂಬಕ್ಕೆ ಕಟ್ಟಿಸಿದಳು.

ದಡದಿಂದ ಬರುತ್ತಿದ್ದ ಡಾಕ್ಟರರ ದೋಣಿ ನಡುನೀರಿನಲ್ಲೇ ನಿಂತಿತು. ಅದರಲ್ಲಿದ್ದವರು ಏನೋ ಕೂಗಿ ಹೇಳಿ ಹಿಂದಿರುಗಿದರು.

"ಯಾಕಪ್ಪ ಮೇಸ್ತ್ರಿ, ವಾಪಸ್ ಹೋಗ್ತಾವ್ರೆ?" ಅವರ ಮಾತು ತಿಳಿದಿದ್ದ ಕೂಲಿಗಳ ಮೇಸ್ತ್ರಿಯನ್ನು ಸಣ್ಣಕ್ಕ ಕೇಳಿದಳು.

"ಆ ಹಳದಿ ಬಟ್ಟೆ ಯಾರು ಕಟ್ಟಿದ್ದು? ಹಡಗಲ್ಲಿ ರೋಗ ಇದ್ರೆ ಏರಿಸೋ ಬಾವುಟ ಅದು."

ಸಣ್ಣಕ್ಕ ಕಂಬದತ್ತ ಓಡಿದಳು. "ಈಗ್ಲೇ ಬಿಚ್ಚಿಸ್ತೀನಿ. ಯಾರಿಗೂ ಏನೂ ಇಲ್ಲ ಅಂತ ಹೇಳಪ್ಪ."

"ಇನ್ನು ಯಾರು ನಂಬ್ತಾರೆ? ನಮ್ಮನ್ನ ಎದುರಿನ ದ್ವೀಪದಲ್ಲಿ ಇಳಿಸ್ಬೇಕಂತೆ."

"ಅಲ್ಲಿ ಯಾರವ್ರೆ?"

"ನಮಗಿಂತ ಮೊದ್ಲು ಬಂದ ಹಡಗಿನೋರು. ಸಿಡುಬು ಎದ್ದೋರು."