ಮೊದಲ ಸಾಲಿನ ಮೂರು ಟಿಕೆಟ್

"ನಿಮ್ಮಮ್ಮನಿಗೆ ಯಾರು ಹೇಳಿದ್ದು?"

ಸಭಾಂಗಣದ ಮೆಟ್ಟಿಲ ಮೇಲೇ ಅಪ್ಪ ಮಗಳನ್ನು ತಡೆದು ನಿಲ್ಲಿಸಿದ. ಅವನ ಮುಷ್ಟಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಉಣ್ಣೆಯ ಕಾಲುಚೀಲವಿತ್ತು. ಬೆಳಿಗ್ಗೆ ಹೆಂಡತಿಯ ಕಪಾಟಿನಲ್ಲಿ ಸಿಕ್ಕಿದ್ದು. ಮಗನಿಗೆ ಹೋದ ವರ್ಷವೇ ಮಗು ಹುಟ್ಟಿದ್ದ ಸುದ್ದಿ ಅವನಿಗೇ ತಿಳಿದದ್ದು ನಿನ್ನೆ, ಒಬ್ಬ ಗಿರಾಕಿಯ ಬಾಯಿಂದ.

"ನಾನಂತೂ ಹೇಳಿಲ್ಲಪ್ಪ. ನಿಮ್ಮಾಣೆ."

"ಹಾಗಾದ್ರೆ ಗೋಡೆ ಬಂದು ಹೇಳ್ತಾ?"

ಅವನದು ಬೀಗ ರಿಪೇರಿ ಕೆಲಸ. ಆರು ವರ್ಷದ ಹಿಂದೆ, ತನ್ನ ಮಾತು ಮೀರಿ ಮದುವೆಯಾದ ಮಗನನ್ನು ಹೊರಗೆ ಹಾಕಿ, ತಾಯಿಗೂ ಮಗನಿಗೂ ನಡುವೆ ಒಂದು ಮಾತೂ ದಾಟಕೂಡದು ಎಂದು ಅಪ್ಪಣೆ ಮಾಡಿದ್ದ. ಮನೆಯ ಫೋನು ಅವನ ಜೇಬಿನಲ್ಲಿ. ಅಂಚೆ ಬರುವುದು ಅಂಗಡಿಗೆ. ಹೆಂಡತಿ ತರಕಾರಿಗೆ ಹೋದರೂ ಬೆನ್ನಿಗೆ ಅವನೇ. ಇಷ್ಟು ಭದ್ರ ಮಾಡಿಯೂ ಸುದ್ದಿ ನುಸುಳಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ವರ್ಷದ ಕೊನೆಯ ರಜೆಯಲ್ಲಿ ಮನೆಮಂದಿಯೆಲ್ಲ ಈ ವೃಂದಗಾನಕ್ಕೆ ಬರುವುದು ಅಪ್ಪನ ಮದುವೆಯಾದಾಗಿನಿಂದ ನಡೆದುಬಂದದ್ದು. ಹೊರಬಿದ್ದ ಮಗ ಅದೇ ವರ್ಷ ಹೋಗಿ ಆ ವೃಂದವನ್ನೇ ಸೇರಿಕೊಂಡ. ನನ್ನ ಹೊಟ್ಟೆ ಉರಿಸೋಕೇ ಸೇರಿದ್ದಾನೆ, ಆ ಕಂಠಕ್ಕೆ ಹಾಡೊಂದು ಕೇಡು ಎಂದು ಅಪ್ಪ ಹಲ್ಲು ಕಡಿದ. ಅವನಿಗೆ ಹೆದರಿ ತಾನು ಬರುವುದನ್ನು ಬಿಡಲಿಲ್ಲ. ಅದುವರೆಗೆ ಎಲ್ಲಿ ಕೂರಿಸಿದರೂ ತೂಕಡಿಸುತ್ತಿದ್ದ ಹೆಂಡತಿ ಮಾತ್ರ ಮೊದಲ ಸಾಲೇ ಬೇಕೆಂದಳು. ನೋಡಿದರೆ ನೋಡಿಕೊಳ್ಳಲಿ, ಮಾತಿಲ್ಲವಲ್ಲ ಎಂದು ತಂದುಕೊಟ್ಟ. ಪ್ರತಿ ವರ್ಷ ತಂದುಕೊಟ್ಟ. ಹಾಡು ಮುಗಿದ ಕೂಡಲೇ ತೋಳು ಹಿಡಿದು ಮನೆಗೆ ಕರೆದೊಯ್ಯುತ್ತಿದ್ದ.

ಇವತ್ತು ಮೊದಲರ್ಧದಲ್ಲೇ ಹೆಂಡತಿ ಅವನ ಸಿಟ್ಟಿಗೆ ತುಪ್ಪ ಸುರಿದಳು. ಅಗಲಿದವರ ನೆನಪಿನ ಹಾಡಿಗೆ ಸುತ್ತಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಇವಳು ಕರವಸ್ತ್ರ ಬಾಯಿಗಿಟ್ಟು ನಗುತ್ತಿದ್ದಳು. ಅವನು ಭುಜ ತಟ್ಟಿದ. ಅವಳು ತಿರುಗಿದ ಮೇಲೆ, "ಮಾನ ತೆಗೀಬೇಡ," ಎಂದ.

"ನಗು ಬಂತು, ಏನ್ಮಾಡ್ಲಿ?" ಎಂದಿನಂತೆ ತುಸು ಗಟ್ಟಿಯಾಗಿಯೇ ಹೇಳಿ ಅವಳು ಮತ್ತೆ ವೇದಿಕೆಯತ್ತ ಮುಖ ಮಾಡಿದಳು.

ಬಿಡುವಿನಲ್ಲಿ ಅವನು ನೇರ ವೃಂದದ ಮೇಷ್ಟ್ರ ಎದುರು ಹೋಗಿ ನಿಂತ. "ಹಿಂದಿನ ಸಾಲಿನ ಆ ಉದ್ದನೆಯವನನ್ನ ತೆಗೆದುಹಾಕಿ. ಇಡೀ ಹಾಡು ಕೆಡಿಸ್ತಾನೆ."

ಮೇಷ್ಟ್ರು ನಕ್ಕರು. "ಅವನೆಲ್ಲಿ ಕೆಡಿಸ್ತಾನೆ ಸ್ವಾಮಿ? ಅವನು ಹಾಡೋದೇ ಇಲ್ಲ. ಆರು ವರ್ಷದಿಂದ ಬರೀ ತುಟಿ ಆಡಿಸ್ತಾನೆ. ಅದೂ ನಮ್ಮ ಹಾಡಿನ ಪದ ಅಲ್ಲ, ಏನೋ ಅವನದೇ. ಸದ್ದಿಲ್ಲವಲ್ಲ, ನಿಂತ್ಕೊಳ್ಳಲಿ ಅಂತ ಬಿಟ್ಟಿದ್ದೀನಿ."

ಅವನು ಕುರ್ಚಿಗೆ ಮರಳುವಷ್ಟರಲ್ಲಿ ಹಾಡು ಶುರುವಾಗಿತ್ತು. ನಲವತ್ತು ಬಾಯಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತಿದ್ದವು. ಹಿಂದಿನ ಸಾಲಿನ ಒಂದು ಬಾಯಿ ಮಾತ್ರ ಬೇರೇನನ್ನೋ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿತ್ತು. ಹೆಂಡತಿ ರೆಪ್ಪೆ ಬಡಿಯದೆ ನೋಡುತ್ತ ಹೂಂ ಎಂಬಂತೆ ತಲೆಯಾಡಿಸುತ್ತಿದ್ದಳು. ಕಾಲುಚೀಲ ಅವನ ಕೈಯಿಂದ ಜಾರಿ ಬಿತ್ತು.

ಹತ್ತನೆಯ ವಯಸ್ಸಿನ ಜ್ವರದಲ್ಲಿ ಎರಡೂ ಕಿವಿ ಕಿವುಡಾಗಿದ್ದ ಅವಳು, ಅಂದಿನಿಂದ ಲೋಕದ ಮಾತನ್ನೆಲ್ಲ ತಿಳಿಯುತ್ತಿದ್ದುದು ಎದುರಿನವರ ತುಟಿ ನೋಡಿಯೇ.